ಮೇಣದ ಗುಂಡಿಗೆ

ಬೆಳಗಿನ ಎಂಟು ಗಂಟೆಗೆ ಎಂಜಿನ್ನಿನ ಉಷ್ಣಮಾಪಕದ ಮುಳ್ಳು ತೊಂಬತ್ತೆರಡಕ್ಕೆ ಹೋಗಿ ಕೂತಿತು. ಎಂಬತ್ತರಲ್ಲಿರಬೇಕಾದ ಮುಳ್ಳು. ಐಲರ್ಟನ ಗ್ರಹಚಾರ ಅಲ್ಲಿಂದ ಶುರುವಾಯಿತು.

ಟೆರ್ನಾ ಎಂಬ ಆ ಪುಟ್ಟ ಹಡಗು ದಿನಕ್ಕೆ ಆರು ಸಲ ಫಿಯೋರ್ಡ್ ಎಂಬ ಕಡಲ ಕವಲನ್ನು ದಾಟಿ ಜನರನ್ನೂ ಕಾರುಗಳನ್ನೂ ಸಾಗಿಸುತ್ತಿತ್ತು. ಅದರ ಎಂಜಿನ್ ಕೋಣೆಯಲ್ಲಿ ಐಲರ್ಟ್ ಒಂಬತ್ತು ವರ್ಷದಿಂದ ತಾತ್ಕಾಲಿಕ ಎಂಜಿನಿಯರ್. ಇವತ್ತು ಹತ್ತೂವರೆಯ ಪ್ರಯಾಣಕ್ಕೆ ಕಂಪನಿಯ ಪರಿವೀಕ್ಷಕಿ ರಾಗ್ನಾ ಬರುವವಳಿದ್ದಳು. ಅವಳು ಹೂಂ ಅಂದರೆ ಕೆಲಸ ಕಾಯಂ.

ಎಂಜಿನ್ನಿನ ಬಿಸಿನೀರಿನ ದಾರಿಯಲ್ಲಿ ಒಂದು ಕವಾಟ. ದೈತ್ಯನ ಜೀವ ದೂರದ ಮೊಟ್ಟೆಯೊಂದರಲ್ಲಿ ಅಡಗಿದೆ ಎಂದು ಅಜ್ಜಿಯರು ಹೇಳುವುದಿಲ್ಲವೆ, ಹಾಗೆ ಆ ಎಂಜಿನ್ನಿನ ಜೀವ ಕವಾಟದೊಳಗಿನ ಮುಷ್ಟಿಗಾತ್ರದ ಹಿತ್ತಾಳೆ ಬುರುಡೆಯಲ್ಲಿತ್ತು. ಬುರುಡೆಯ ತುಂಬ ಮೇಣ. ನೀರು ಕಾದರೆ ಮೇಣ ಉಬ್ಬಿ, ಒಳಗಿನ ಕಡ್ಡಿಯನ್ನು ನಾಲಿಗೆಯಂತೆ ಹೊರಚಾಚಿ, ನೀರನ್ನು ತಂಪು ಮಾಡುವ ತೊಟ್ಟಿಯತ್ತ ಕಳಿಸುತ್ತದೆ. ಆರಿದರೆ ಮೇಣ ಕುಗ್ಗಿ, ಅದೇ ನೀರನ್ನು ಅಡ್ಡದಾರಿಯಲ್ಲಿ ಮತ್ತೆ ಎಂಜಿನ್ನಿಗೆ ತಿರುಗಿಸುತ್ತದೆ. ಕರೆಂಟು ಬೇಡ, ಕಾವಲು ಬೇಡ.

ಮೇಣ ಸತ್ತಿರಬೇಕು ಎಂದುಕೊಂಡ ಐಲರ್ಟ್, ದಡದಲ್ಲಿ ನಿಂತಾಗ ಬುರುಡೆ ಬಿಚ್ಚಿ ಪರೀಕ್ಷೆಗೆಂದು ಅಡುಗೆಮನೆಗೆ ಓಡಿದ. ಅಡುಗೆಯ ಬೋರ್ಗಿಲ್ಡ್ ಅದನ್ನು ಮೂರು ಸಲ ಸೋಪು ಹಾಕಿ ತೊಳೆಯದೆ ಪಾತ್ರೆಗೆ ಬಿಡಲಿಲ್ಲ. ಜಾಮ್ ಕಾಯಿಸುವಾಗ ಇಡುವ ಉಷ್ಣಮಾಪಕವನ್ನೂ ಪಕ್ಕದಲ್ಲಿ ಅದ್ದಿ ನೋಡುತ್ತ ನಿಂತಳು.

"ಎಂಬತ್ತಕ್ಕೆ ಸರಿಯಾಗಿ ನಾಲಿಗೆ ಚಾಚ್ತು ನೋಡು. ಇದಕ್ಕೇನೂ ಆಗಿಲ್ಲ ಕಣೋ. ನಿನ್ನ ಮುಳ್ಳೇ ಸುಳ್ಳು ಹೇಳ್ತಿರೋದು."

ಮೀನು ಬೇಯಿಸುವವಳ ಮಾತು ಕೇಳುವಷ್ಟು ಕೆಟ್ಟಿಲ್ಲ ಎನ್ನುವಂತೆ ಐಲರ್ಟ್ ಮೂಗು ಮುರಿದ. ಅಷ್ಟರಲ್ಲಿ ಕಾಫಿಗೆ ಬಂದ ಕಪ್ತಾನ ಸಿವರ್ಟ್ ತನ್ನ ಅಪ್ಪನ ಕಾಲದ ಮದ್ದು ಹೇಳಿದ. ಬುರುಡೆಯನ್ನೇ ತೆಗೆದುಬಿಟ್ಟರೆ ಬಾಗಿಲೇ ಇರುವುದಿಲ್ಲ, ಬಾಗಿಲಿಲ್ಲದ ಮೇಲೆ ನೀರು ಸಲೀಸಾಗಿ ತಂಪಿಗೆ ಹೋಗುತ್ತದೆ. ಕಪ್ತಾನನ ಮಾತು ಐಲರ್ಟನಿಗೆ ಹಾಲು ಕುಡಿದಂತಾಯಿತು. ಬುರುಡೆಯನ್ನು ಅಡುಗೆಮನೆಯಲ್ಲೇ ಬಿಟ್ಟು, ಖಾಲಿ ಕವಾಟದ ಮುಚ್ಚಳ ಬಿಗಿದ.

ಹತ್ತೂವರೆಗೆ ರಾಗ್ನಾ ಹತ್ತಿದಳು. ಹಡಗು ಹೊರಟಿತು. ಮುಳ್ಳು ತೊಂಬತ್ತೆರಡರಿಂದ ಕೂದಲೆಳೆಯಷ್ಟೂ ಮೇಲೇರಲಿಲ್ಲ. ಮದ್ದು ನಾಟಿತು ಎಂದು ಐಲರ್ಟ್ ಹಿಗ್ಗಿದ. ಆದರೆ ಕೋಣೆಯಲ್ಲಿ ಅದೇನೋ ಕಮಟು ವಾಸನೆ. ಪೈಪಿನ ಮೇಲೆ ಕೈಯಿಟ್ಟವನು ಕಾಲು ಸುಟ್ಟ ಬೆಕ್ಕಿನಂತೆ ಹಿಂದಕ್ಕೆ ನೆಗೆದ. ಮುಳ್ಳು ಮಾತ್ರ ಧ್ಯಾನಕ್ಕೆ ಕೂತಂತೆ ಅಲ್ಲೇ ಇತ್ತು.

ಫಿಯೋರ್ಡಿನ ನಟ್ಟನಡುವೆ, ಮುಳ್ಳಿನ ಹಂಗಿಲ್ಲದ ಎಚ್ಚರಿಕೆಯ ಗಂಟೆ ಹೊಡೆದುಕೊಂಡಿತು. ಎಂಜಿನ್ ತಾನಾಗಿಯೇ ನಿಂತಿತು.

ಆಮೇಲಿನ ನಿಶ್ಶಬ್ದದಲ್ಲಿ ಹಡಗಿನ ಹೊಟ್ಟೆಗೆ ಅಲೆ ಬಡಿಯುವುದೊಂದೇ ಸದ್ದು. ಎಡಕ್ಕೆ ನೀರುಹಕ್ಕಿಗಳು ಕೂತ ಬಂಡೆಯೊಂದು ಮೆಲ್ಲಗೆ ಹತ್ತಿರವಾಗುತ್ತಿತ್ತು. ಲಂಗರು ತಳ ಮುಟ್ಟುವಷ್ಟು ಕಡಿಮೆ ಆಳ ಅಲ್ಲಿರಲಿಲ್ಲ. ಹೆಚ್ಚೆಂದರೆ ಇಪ್ಪತ್ತು ನಿಮಿಷ ಎಂದು ಸಿವರ್ಟ್ ಮೇಲಿನಿಂದ ಹೇಳಿಕಳಿಸಿದ. ತನ್ನ ಅಪ್ಪನ ಸುದ್ದಿ ಎತ್ತಲಿಲ್ಲ.

ರಾಗ್ನಾ ಮೆಟ್ಟಿಲಿಳಿದು ಬಂದು ತನ್ನ ಮಾಪಕವನ್ನು ಪೈಪಿಗೆ ಹಿಡಿದಳು. ತೊಂಬತ್ತೆಂಟು. ಗೋಡೆಯ ಉಷ್ಣಮಾಪಕದ ಗಾಜಿಗೆ ಬೆರಳಿನಿಂದ ತಟ್ಟಿದಳು. ಮುಳ್ಳು ಅಲ್ಲಾಡಲಿಲ್ಲ. ಅದು ಬೆಳಿಗ್ಗೆಯೇ ಅಂಟಿಕೊಂಡು ಸತ್ತಿತ್ತು.

"ಕವಾಟದೊಳಗಿನ ಬುರುಡೆ ಎಲ್ಲಿ?"

ಐಲರ್ಟ್ ಮೆಟ್ಟಿಲಿನತ್ತ ಬೆರಳು ತೋರಿಸಿದ. "ಅಡುಗೆಮನೇಲಿ."

ಅದು ಮೀನಿನ ಪಾತ್ರೆಯಲ್ಲಿತ್ತು. ಕಾಡ್ ಮೀನು ಕುದಿಯಬಾರದು, ಬರಿದೇ ಬೆವರಬೇಕು, ಕುದಿದರೆ ಪುಡಿಪುಡಿ. ಬುರುಡೆ ನಾಲಿಗೆ ಚಾಚಿದ ಕೂಡಲೇ ಬೋರ್ಗಿಲ್ಡ್ ಒಲೆ ತಗ್ಗಿಸಿದ್ದಳು. ಟೆರ್ನಾದಲ್ಲಿ ಮೊದಲ ಬಾರಿಗೆ ಮೀನು ಇಡಿಯಾಗಿ ತಟ್ಟೆಗೆ ಬಂದಿತ್ತು. ಹಾಗೆ ಬಂದ ಮೊದಲ ತಟ್ಟೆಯನ್ನು ಸ್ವಲ್ಪ ಮುಂಚೆ ರಾಗ್ನಾಳೇ ಬಳಿದು ತಿಂದಿದ್ದಳು.

ಬೋರ್ಗಿಲ್ಡ್ ಬುರುಡೆಯನ್ನು ಸೌಟಿನಲ್ಲೆತ್ತಿ ತಾನೇ ಕೆಳಗೆ ತಂದಳು. ಬಾಗಿಲೇ ಇಲ್ಲದಿದ್ದರೆ ನೀರು ಹತ್ತಿರದ ದಾರಿ ಬಿಟ್ಟು ದೂರದ ತೊಟ್ಟಿಗೆ ಯಾಕೆ ಹೋದೀತು, ಸುತ್ತಿ ಸುತ್ತಿ ಕಾದೇ ಕಾಯುತ್ತದೆ ಎಂದು ಸೌಟು ತಿರುಗಿಸಿ ಹೇಳಿದಳು. ರಾಗ್ನಾ ಅವಳನ್ನೇ ನೋಡುತ್ತಿದ್ದಳು. ಐಲರ್ಟ್ ಬುರುಡೆಯನ್ನು ಕವಾಟದೊಳಗಿಟ್ಟು ತಿರುಪು ಬಿಗಿದ. ಹಕ್ಕಿಗಳ ಕಣ್ಣು ಕಾಣುವಷ್ಟು ಬಂಡೆ ಹತ್ತಿರವಾದಾಗ ಎಂಜಿನ್ ಕೆಮ್ಮಿ ಎದ್ದಿತು. ರಾಗ್ನಾಳ ಮಾಪಕ ನಿಧಾನವಾಗಿ ಇಳಿದು ಎಂಬತ್ತರಲ್ಲಿ ನಿಂತಿತು.

ದಡದಲ್ಲಿ ರಾಗ್ನಾ ವರದಿ ಬರೆದಳು. ಈ ಹಡಗಿನಲ್ಲಿ ಕವಾಟವನ್ನು ಅರಿತವರು ಒಬ್ಬರೇ ಇದ್ದಾರೆ. ಬೋರ್ಗಿಲ್ಡ್ ಅವರನ್ನು ಎಂಜಿನಿಯರ್ ತರಬೇತಿಗೆ ಕಳಿಸಿ, ಕಾಯಂ ಹುದ್ದೆಯನ್ನು ಅವರಿಗಾಗಿ ಕಾದಿರಿಸತಕ್ಕದ್ದು. ಅವರು ಕಲಿತು ಬರುವವರೆಗೆ ಐಲರ್ಟ್ ತಾತ್ಕಾಲಿಕವಾಗಿಯೇ ಮುಂದುವರಿಯಲಿ.

ಐಲರ್ಟ್ ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತ. ಬೋರ್ಗಿಲ್ಡ್ ಅವನ ಮುಂದೆ ಮೀನಿನ ತಟ್ಟೆಯಿಟ್ಟು, ತನ್ನ ಏಪ್ರನ್ ಬಿಚ್ಚಿ ಅವನ ಹೆಗಲಿಗೆ ಹಾಕಿದಳು.

"ಬೇಜಾರು ಮಾಡ್ಕೋಬೇಡ. ನಾನು ಕಲಿಯೋಕೆ ಹೋದ್ರೆ ಇಲ್ಲಿ ಬೇಯಿಸೋಕೆ ಯಾರಾದ್ರೂ ಬೇಕಲ್ಲ, ಅದಕ್ಕೂ ನಿನ್ನ ಹೆಸರೇ ಕೊಟ್ಟಿದೀನಿ."

ಐಲರ್ಟ್ ಮೀನಿನ ತುಂಡನ್ನು ಬಾಯಿಗಿಟ್ಟುಕೊಂಡು ಕೇಳಿದ, "ಅದೂ ತಾತ್ಕಾಲಿಕಾನೇ ತಾನೆ?"

"ಇಲ್ಲಪ್ಪ," ಅಂದಳು ಬೋರ್ಗಿಲ್ಡ್. "ಅದು ಕಾಯಂ."