ಕುಂಚಿಗಿ ತೊಟ್ಟ ಗುಂಡುಕಲ್ಲು

ಚನ್ನವೀರಪ್ಪ ನಡುಮನೆಯಲ್ಲಿ ತನ್ನ ಹೊಸ ಯಂತ್ರವಿಟ್ಟು ಮೇಲಿನ ಬಟ್ಟೆ ಸರಿಸಿದಾಗ, ಅವನ ಅತ್ತಿಗೆ ಸಾವಂತ್ರವ್ವ ಯಂತ್ರವನ್ನು ನೋಡಲೇ ಇಲ್ಲ. ಅವಳ ಕಣ್ಣು ಇದ್ದದ್ದು ತೊಲೆಯ ಮೇಲೆ.

ನರಗುಂದದ ಕಡೆಯ ಮಾಳಿಗೆ ಮನೆ ಅದು. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಗಾಡಿಗಟ್ಟಲೆ ಮಣ್ಣು. ಬೇಸಿಗೆಯಲ್ಲಿ ತಂಪು, ತೊಲೆ ಮುರಿದರೆ ಸಮಾಧಿ. ತೊಲೆಯ ಮೈತುಂಬ ಸಾಸಿವೆ ತೂರುವಂಥ ತೂತುಗಳು. ಬೆಳಿಗ್ಗೆ ಗುಡಿಸಿದ ನೆಲದಲ್ಲಿ ಮಧ್ಯಾಹ್ನಕ್ಕೆ ಮತ್ತೆ ಹಿಟ್ಟಿನಂಥ ಪುಡಿ. ಒಳಗೆ ಕುಟ್ಟೆ ಹುಳು ಕೂತು ಮರ ತಿನ್ನುತ್ತಿದೆ ಎನ್ನಲು ಬೇರೆ ಸಾಕ್ಷಿ ಬೇಕಿರಲಿಲ್ಲ. ಇವತ್ತು ಅದೇ ತೊಲೆಯ ಕೊಂಡಿಗೆ ಮಗಳು ದಾನಮ್ಮನ ಕೂಸಿನ ತೊಟ್ಟಿಲು ಕಟ್ಟಿ ಹೆಸರಿಡಬೇಕು. ಬಡಿಗೇರನನ್ನು ಕರೆಸಿ ತೊಲೆಗೆ ಆಸರೆಯಾಗಿ ಒಂದು ಊರುಗಂಬ ಕೊಡಿಸೋಣ ಎಂದರೆ ಮೈದುನ ನಕ್ಕುಬಿಟ್ಟಿದ್ದ.

"ಈ ಹುಳು ತಲೀಲೆ ಮರ ಕುಟ್ಟಿ ಜೋಡಿನ ಕರೀತದ ವೈನಿ. ನನ್ನ ಪೆಟಗಿ ಅದಕಿಂತ ಚಂದ ಕರೀತದ" ಎಂದು ಅವನು ಗುಂಡಿ ಒತ್ತಿದ.

ಮೊದಲು ಯಂತ್ರ ತೊಲೆಯೊಳಗಿನ ಸದ್ದನ್ನು ಹಿಗ್ಗಿಸಿ ಕೇಳಿಸಿತು. ನೂರು ಎತ್ತುಗಳು ಜೋಳದ ಕಣಿಕೆ ಮೇಯುವ ಹಾಗೆ ಕರಕರ, ಕರಕರ! ಬಂದ ಹೆಂಗಸರು ಆರತಿ ತಟ್ಟೆ ಹಿಡಿದು ಗೋಡೆಗೆ ಅಂಟಿಕೊಂಡರು. ಇಷ್ಟು ವರ್ಷ ಇದರ ಕೆಳಗೆ ಮಲಗಿದ್ದೆವೇ ಎಂದು ಸಾವಂತ್ರವ್ವ ಮಗಳನ್ನು ತೊಲೆಯ ಅಡಿಯಿಂದ ಈಚೆಗೆ ಎಳೆದಳು.

ಆಮೇಲೆ ಯಂತ್ರದ ತೇಗದ ಪೆಟ್ಟಿಗೆ ಟಕ್ ಟಕ್ ಎಂದು ಕರೆಯಿತು. ತೊಲೆಯಿಂದ ಹುಳು ಉದುರಿದವು. ಕಂಬದಿಂದ ಇಳಿದವು. ಬಾಗಿಲ ಚೌಕಟ್ಟಿನಿಂದ ಸಾಲುಗಟ್ಟಿದವು. ಎದುರುಮನೆಯ ಹುಳುಗಳು ಕೂಡ ಓಣಿ ದಾಟಿ, ಮದುವೆಗೆ ತಡವಾದ ಬೀಗರ ಹಾಗೆ ಗಡಿಬಿಡಿಯಿಂದ ಪೆಟ್ಟಿಗೆಯ ಒಳಹೊಕ್ಕವು. ಕರಕರ ನಿಂತಿತು. ಮರದಲ್ಲಿ ಇನ್ನು ಹುಳು ಇಲ್ಲವೆಂದು ಯಂತ್ರದ ಹಸಿರು ದೀಪ ಹೊತ್ತಿತು.

ಸಾವಂತ್ರವ್ವನಿಗೆ ಆ ಸದ್ದಿಗಿಂತ ಈ ಮೌನವೇ ಹೆಚ್ಚು ಹೆದರಿಕೆ ತಂದಿತು. ಮೇಲೆ ಎಲ್ಲೋ ಕಿರ್ ಎಂದ ಹಾಗಾಯಿತು.

ಮುಹೂರ್ತ ಮೀರುತ್ತಿದೆ, ಮೊದಲು ಗುಂಡುಕಲ್ಲು ಮಲಗಿಸಿ ತೂಗುವ ಶಾಸ್ತ್ರವೆಲ್ಲ ಬೇಡ, ದೀಪ ಹಸಿರಿದೆ, ಕೂಸನ್ನೇ ಹಾಕಿ ಎಂದು ಚನ್ನವೀರಪ್ಪ ಅವಸರ ಮಾಡಿದ. ದಾನಮ್ಮ ಕೂಸನ್ನು ಎದೆಗೆ ಅವುಚಿಕೊಂಡು ತಾಯಿಯ ಮುಖ ನೋಡಿದಳು.

"ನಿನ್ನ ದೀಪ ನಿನ್ನ ಹತ್ರ ಇರಲಿ" ಅಂದಳು ಸಾವಂತ್ರವ್ವ. "ಕೂಸಿಗಿಂತ ಮೊದಲ ಗುಂಡಪ್ಪ. ನನ್ನ ತೂಗೂಮುಂದೂ ಹಂಗ, ಇಕೀನ್ನ ತೂಗೂಮುಂದೂ ಹಂಗ."

ಒರಳಿನ ಗುಂಡುಕಲ್ಲಿಗೆ ಕೂಸಿನ ತಲೆಗೆ ಹಾಕುವ ಕುಂಚಿಗಿ ತೊಡಿಸಿ, ಕುಂಕುಮವಿಟ್ಟು, ತೊಟ್ಟಿಲಲ್ಲಿ ಮಲಗಿಸಿ ಒಂದು ಸಲ ತೂಗಿದಳು.

ಕೊಂಡಿ ಕಿತ್ತುಬಂತು. ತೊಟ್ಟಿಲು ನೆಲಕ್ಕಪ್ಪಳಿಸಿ ನುಚ್ಚಾಯಿತು. ಕೊಂಡಿಯ ಜಾಗದಲ್ಲಿ ತೊಲೆಯ ಹೊಟ್ಟೆ ಕಾಣಿಸಿತು. ಒಳಗೆ ಮರವೇ ಇಲ್ಲ! ಇಷ್ಟು ದಿನ ಹುಳುಗಳೇ ಒಂದರ ಕಾಲೊಂದು ಹಿಡಿದು ಮಾಳಿಗೆ ಹೊತ್ತಿದ್ದವೇನೋ.

"ಹೊರಗ ನಡೀರಿ!" ಎಂದು ಸಾವಂತ್ರವ್ವ ಮಗಳನ್ನು ದೂಡಿಕೊಂಡೇ ಅಂಗಳಕ್ಕೆ ಬಂದಳು. ಹೆಂಗಸರೆಲ್ಲ ಹೊರಬಿದ್ದರು. ಕೊನೆಗೆ ಯಂತ್ರವನ್ನು ಅಪ್ಪಿಕೊಂಡು ಚನ್ನವೀರಪ್ಪ ಹೊಸ್ತಿಲು ದಾಟಿದ್ದೇ ತಡ, ನಡುಮನೆ ಧೊಪ್ಪೆಂದು ಕೂತಿತು.

ಧೂಳು ಇಳಿದಾಗ ಅವನ ತೋಳಿನಲ್ಲಿದ್ದ ತೇಗದ ಪೆಟ್ಟಿಗೆ ಹಿಟ್ಟಾಗಿ ಸೋರುತ್ತಿತ್ತು. ಉಂಡ ಹುಳುಗಳು ಅವನ ಅಂಗಿಯ ಮೇಲೆ ಹರಿದಾಡುತ್ತಿದ್ದವು. ಕೈಯಲ್ಲಿ ಉಳಿದದ್ದು ತಂತಿಗೆ ಜೋತುಬಿದ್ದ ಹಸಿರು ದೀಪ. ಅದಿನ್ನೂ ಉರಿಯುತ್ತಿತ್ತು.

ಕೂಸನ್ನು ಅಂಗಳದಲ್ಲೇ, ಅಜ್ಜಿಯ ತೊಡೆಯ ಮೇಲೆ ಮಲಗಿಸಿ ಹೆಸರಿಟ್ಟರು. ಮರುದಿನ ಮಣ್ಣು ತೆಗೆಸುವಾಗ ಗುಂಡುಕಲ್ಲು ಸಿಕ್ಕಿತು, ಕುಂಚಿಗಿ ಸಮೇತ. ಸಾವಂತ್ರವ್ವ ಅದನ್ನು ಸೆರಗಿನಿಂದ ಒರೆಸಿದಳು.

"ತೊಲಿ ಪರೀಕ್ಷಾ ಮಾಡೋ ಮಶೀನು ನಮ್ಮ ಅಡಗಿಮನ್ಯಾಗ ಮೊದಲಿಂದನೂ ಇತ್ತಲ್ಲೋ ಚನ್ನವೀರಾ. ನಾ ದಿನಾ ಅದರಲೆ ಚಟ್ನಿ ಅರೀತಿದ್ದೆ."