ಸತ್ಯ ನುಡಿಯುವ ತೊಲೆ

ರೇಡಿಯೋದಲ್ಲಿ ಬೆಳಗಿನ ವಾರ್ತೆ ಮುಗಿಯುವ ಹೊತ್ತಿಗೆ ನಡುಮನೆಯ ತೊಲೆ “ಕಿಚ್” ಎಂದಿತು.

ನಂಜುಂಡಯ್ಯ ಮೇಷ್ಟ್ರು ಹಲ್ಲುಜ್ಜುವುದನ್ನು ನಿಲ್ಲಿಸಿ ಮೇಲೆ ನೋಡಿದರು. ಸರಿಯಾಗಿ ಒಂದು ನಿಮಿಷಕ್ಕೆ ಮತ್ತೆ “ಕಿಚ್”.

“ನಮ್ಮಣ್ಣ ತಂದ ಡಬ್ಬಿ ಕಣ್ರೀ,” ಎಂದಳು ಹೆಂಡತಿ ಚಂಪಕ. “ಬ್ಯಾಟರಿ ಮುಗೀತಾ ಬಂದ್ರೆ ಹೀಗೇ ಕೂಗುತ್ತೆ ಅಂದಿದ್ದ. ತಿಂಗಳಿಗೊಂದ್ಸಲ ಗುಂಡಿ ಒತ್ತಿ ನೋಡಿ, ವರ್ಷಕ್ಕೊಂದ್ಸಲ ಬ್ಯಾಟರಿ ಬದಲಾಯಿಸಿ ಅಂತ ಬಡ್ಕೊಂಡ. ಒಂದ್ಸಲನಾದ್ರೂ ಒತ್ತಿದೀರಾ?”

ಮೇಷ್ಟ್ರು ಬಾಯ್ತುಂಬ ಹಲ್ಲುಪುಡಿಯಿದ್ದ ನೆಪದಲ್ಲಿ ಉತ್ತರ ತಪ್ಪಿಸಿಕೊಂಡರು.

ಹೊಗೆ ಕಂಡರೆ ಕಿರುಚುವ ಆ ಡಬ್ಬಿಯನ್ನು ಹಡಗಿನಲ್ಲಿ ಕೆಲಸ ಮಾಡುವ ಚಂಪಕಳ ಅಣ್ಣ ತಂದುಕೊಟ್ಟಿದ್ದ. ಅಡುಗೆಮನೆಯಲ್ಲಿ ಕಟ್ಟಿದಾಗ ಒಗ್ಗರಣೆಗೊಮ್ಮೆ ಕಿರುಚಿ, ನಡುಮನೆಯ ತೊಲೆಯ ಹಿಂದಕ್ಕೆ ಗಡಿಪಾರಾಗಿತ್ತು. ಅಲ್ಲಿ ದೂಳು ಕುಡಿದು, ಜೇಡರ ಬಲೆ ಹೊದ್ದು, ತೊಲೆಯ ಬಣ್ಣಕ್ಕೇ ತಿರುಗಿತ್ತು. ಅದರ ಚೌಕದ ಬ್ಯಾಟರಿಗೆ ಮೈಸೂರಿಗೇ ಹೋಗಬೇಕು. ಮೇಷ್ಟ್ರ “ಬರೋ ಭಾನುವಾರ” ಹದಿನಾಲ್ಕು ತಿಂಗಳಿಂದ ಬರುತ್ತಲೇ ಇತ್ತು.

ಇವತ್ತಂತೂ ಆಗುವ ಮಾತಲ್ಲ. ಮನೆಯೊಡತಿ ರಂಗನಾಯಕಮ್ಮ ನರಸೀಪುರದಿಂದ ಬರುವವರಿದ್ದರು. ಹನ್ನೆರಡು ವರ್ಷದಿಂದ ಬಾಡಿಗೆಗಿದ್ದ ಮನೆಯಲ್ಲಿ ಮೇಷ್ಟ್ರೇ ಮುಂದುವರಿಯುವುದೋ, ದೇವನೂರಿನಲ್ಲಿರುವ ತಮ್ಮ ಅಣ್ಣನ ಮಗನಿಗೆ ಅದನ್ನು ಬಿಡಿಸಿಕೊಡುವುದೋ ಎಂದು ಆಕೆ ಇಂದು ತೀರ್ಮಾನಿಸುವರು. ಊರಲ್ಲಿ ಇನ್ನೊಂದು ಮನೆ ಹುಡುಕುವುದೆಂದರೆ ಹುಲಿಯ ಹಾಲು ತಂದಂತೆ.

ಡಬ್ಬಿ ಬಿಚ್ಚೋಣವೆಂದು ಮೇಷ್ಟ್ರು ಸ್ಟೂಲು ಎಳೆಯುವಷ್ಟರಲ್ಲಿ ರಂಗನಾಯಕಮ್ಮ ಒಳಗೇ ಬಂದರು.

“ನೋಡಿ ಮೇಷ್ಟ್ರೇ,” ಕೂತು ಸೆರಗಿನಿಂದ ಗಾಳಿ ಹಾಕಿಕೊಂಡರು. “ನೀವೇ ಇರಿ ಅಂತ ಒಂದು ಮನಸ್ಸು…”

“ಕಿಚ್.”

ಮುದುಕಿ ಬೆರಳಿನಿಂದ ನೆಲ ಕುಟ್ಟಿದರು. “ಕೃಷ್ಣ ಕೃಷ್ಣ! ಹಲ್ಲಿ ನುಡೀತು ನೋಡಿ! ಸತ್ಯ!”

ಚಂಪಕ ಬಾಯಿ ತೆರೆದಳು. ಮೇಷ್ಟ್ರು ಕಣ್ಣಲ್ಲೇ ಅದನ್ನು ಮುಚ್ಚಿಸಿದರು. ಏಳು ಸಮುದ್ರದಾಚೆಯ ಗಿಳಿಯಲ್ಲಿ ರಾಕ್ಷಸನ ಪ್ರಾಣವಿದ್ದಂತೆ, ತಮ್ಮ ಮನೆ ಆ ಡಬ್ಬಿಯಲ್ಲಿದೆಯೆಂದು ಅವರಿಗೆ ಹೊಳೆದಿತ್ತು. ಅಲ್ಲಿಂದ ಅವರ ಕಣ್ಣು ಕೈಗಡಿಯಾರದಿಂದ ಏಳಲಿಲ್ಲ. ಕೂತಲ್ಲಿ ಕೂರಲಿಲ್ಲ, ತೊಡೆ ಕುಣಿಸಿದರು, ಬೆವರಿದರು.

“ಅಮ್ಮಾ… ನಾವು ಇನ್ನೂ… ಹತ್ತು ವರ್ಷ… ಇಲ್ಲೇ ಇರೋದು… ದೈವಸಂಕಲ್ಪ.”

“ಕಿಚ್!” ಮೃದಂಗದವನು ಸಮಕ್ಕೆ ಬಂದು ಬಿದ್ದಂತೆ.

“ಆಹಾ! ಸತ್ಯ, ಸತ್ಯ!”

ಅಷ್ಟರಲ್ಲಿ ಹಾಲು ಹಾಕಲು ಬಂದ ಪಕ್ಕದ ಮನೆಯ ಪುಟ್ಟಬಸವಯ್ಯ ಬಾಗಿಲಲ್ಲೇ ಕುಕ್ಕರಿಸಿದ. “ಏನ್ ಅಮ್ಮಾವ್ರೇ, ಮನೆ ಇಚಾರ್ವಾ? ನಿಮ್ಮಣ್ಣನ್ ಮಗ ಪಾಪ, ದಿನಾ ಬಸ್ಸಲ್ಲಿ ಜೋತಾಡ್ಕಂಡ್ ಬತ್ತಾವ್ರೆ. ಅವ್ರ್ಗೇ ಕೊಡಿ ಅತ್ಲಾಗೆ.”

“ಕಿಚ್.”

“ಅಯ್ಯೋ, ಇದಕ್ಕೂ ನುಡೀತಲ್ಲ!” ಮುದುಕಿ ಎದೆ ಮುಟ್ಟಿಕೊಂಡರು.

“ನಿಂಗ್ಯಾಕಯ್ಯ ಊರ ಉಸಾಬರಿ? ಹಾಲು ಹಾಕಿ ಹೋಗು,” ಮೇಷ್ಟ್ರು ರೇಗಿದರು.

“ನಂಗ್ಯಾಕ್ ಬೈತೀರಿ ಸಾ? ಅಲ್ಲಿ ಕೇಳಿ!” ಎಂದು ಅವನು ತೊಲೆ ತೋರಿಸಿದ.

ಮೇಷ್ಟ್ರು ಮುಳ್ಳನ್ನೇ ನೋಡುತ್ತ, ಕೊನೆಯ ಬಾಣ ಬಿಟ್ಟರು. “ಅಮ್ಮಾ, ಈ ಮನೇಲಿ ವಾಸ ಮಾಡೋರಿಗೆ… ನೆಮ್ಮದಿ, ಆಯಸ್ಸು, ಪುಣ್ಯ… ಮೂರೂ ಉಂಟು!”

“ಕಿಚ್!”

ರಂಗನಾಯಕಮ್ಮನ ಕಣ್ಣಲ್ಲಿ ನೀರಾಡಿತು. “ತೀರ್ಮಾನ ಆಯ್ತು. ಅವನಿಗೆ ಕೊಡಲ್ಲ.”

ಮೇಷ್ಟ್ರು ಕೈಮುಗಿದರು.

“ನಿಮಗೂ ಇಲ್ಲ. ಇಂಥ ಹಲ್ಲಿ ಇರೋ ಮನೆ ಬಿಟ್ಟು ನಾನ್ಯಾಕೆ ನರಸೀಪುರದಲ್ಲಿ ಕೊಳೀಲಿ? ಮುಂದಿನ ತಿಂಗಳು ನಾನೇ ಬರ್ತೀನಿ.”

“ಅಮ್ಮಾ, ಅದು ಹಲ್ಲಿ ಅಲ್ಲ! ಡಬ್ಬಿ! ಬ್ಯಾಟರಿ ಮುಗಿದಿರೋ ಡಬ್ಬಿ!” ಮೇಷ್ಟ್ರು ಕೂಗಿ ಮುಳ್ಳು ನೋಡಿದರು. ಒಂದು ನಿಮಿಷವಾಯಿತು. ಎರಡಾಯಿತು. ತೊಲೆ ತುಟಿ ಬಿಚ್ಚಲಿಲ್ಲ.

“ಗುಂಡಿ ಒತ್ರೀ!” ಚಂಪಕ ಕಿರುಚಿದಳು.

ಮೇಷ್ಟ್ರು ಸ್ಟೂಲು ಹತ್ತಿ, ಹದಿನಾಲ್ಕು ತಿಂಗಳಲ್ಲಿ ಮೊದಲ ಬಾರಿ ಬಲೆಯೊಳಗೆ ಕೈ ತೂರಿಸಿ ಗುಂಡಿ ಒತ್ತಿದರು. ಮತ್ತೆ ಒತ್ತಿದರು. ಗುದ್ದಿದರು. ಬ್ಯಾಟರಿಯ ಪ್ರಾಣ ಹೋಗಿತ್ತು.

“ಸುಳ್ಳಿಗೆ ಅದು ನುಡಿಯುತ್ತಾ ಮೇಷ್ಟ್ರೇ?” ರಂಗನಾಯಕಮ್ಮ ಮೃದುವಾಗಿ ಹೇಳಿದರು. “ಮೆಲ್ಲಗೆ ಇಳೀರಿ. ಪಾಪ, ಹೆದರಿಕೊಂಡಿದೆ.”