ಹಳದಿ ಟೋಪಿ

"ಗೈಡ್ ಯಾಕ್ರೀ ಬೀಗರೇ, ನಾನಿಲ್ವಾ? ಮೂವತ್ತು ವರ್ಷದಿಂದ ಈ ರಾಜಧಾನೀಲಿ ಇದ್ದೀನಿ. ಒಂದೊಂದು ಕಲ್ಲಿನ ಕತೇನೂ ಹೇಳ್ತೀನಿ, ಬನ್ನಿ!"

ಫೋನಿನಲ್ಲಿ ಹೀಗೆ ಕೊಚ್ಚಿಕೊಂಡದ್ದೇ ಗುಮಾಸ್ತರ ಗ್ರಹಚಾರಕ್ಕೆ ಮೂಲ. ಮಗಳನ್ನು ಕೊಟ್ಟ ಮನೆಯವರು ಮೊದಲ ಸಲ ಬರುವವರಿದ್ದರು, ಅದೂ ನಾಳೆಯೇ. ಗುಮಾಸ್ತರಿಗೆ ಗೊತ್ತಿದ್ದದ್ದು ಮನೆ, ಕಚೇರಿ, ನಡುವಿನ ತರಕಾರಿ ಅಂಗಡಿ. ಅರಮನೆ ಯಾವ ದಿಕ್ಕಿಗಿದೆ ಎಂದರೆ ಆಕಾಶ ನೋಡಬೇಕು. ಮದುವೆಯ ಹೊಸತರಲ್ಲಿ ಹೆಂಡತಿ "ಮ್ಯೂಸಿಯಂ ತೋರಿಸ್ರೀ" ಎಂದಾಗಲೆಲ್ಲ, "ಹಳೇ ಮಡಕೆ ನೋಡೋಕೆ ಅಷ್ಟು ದೂರ ಯಾಕೆ, ಅಡುಗೆಮನೇಲಿಲ್ವಾ?" ಎಂದು ತಪ್ಪಿಸಿಕೊಂಡಿದ್ದರು. ಆಮೇಲೆ ಆಕೆ ಕೇಳುವುದನ್ನೇ ಬಿಟ್ಟಳು.

ಬೀಗರ ಮುಂದೆ ಮಾನ ಹೋದರೆ ಮಗಳೂ ತಲೆ ತಗ್ಗಿಸಬೇಕು. ಗುಮಾಸ್ತರು ಗುಟ್ಟಾಗಿ ರಜೆ ಹಾಕಿ, ಕಚೇರಿಗೆಂದು ಮನೆ ಬಿಟ್ಟು, ಊಟದ ಡಬ್ಬಿ ಸಮೇತ ನಗರ ದರ್ಶನದ ಬಸ್ಸು ಹತ್ತಿದರು.

ಗೈಡ್ ಹುಡುಗಿ ಎಲ್ಲರಿಗೂ ಕೊಟ್ಟಂತೆ ಅವರ ತಲೆಗೂ ಒಂದು ಹಳದಿ ಟೋಪಿ ಇಟ್ಟಳು. "ಕಳೆದುಹೋಗಬಾರ್ದಲ್ಲ ಅಂಕಲ್! ಯಾವೂರು ನಿಮ್ದು?"

"ಇಲ್ಲೇ... ಅಲ್ಲಲ್ಲ, ಬಹಳ ದೂರ."

"ಪಾಪ, ಹೊಸಬ!" ಎಂದು ಪಕ್ಕದ ಸೀಟಿನ ಅಜ್ಜಿ ಅವರ ಕೈ ಹಿಡಿದರು. ರಸ್ತೆ ದಾಟುವಾಗ, ಅರಮನೆ ಮೆಟ್ಟಿಲು ಹತ್ತುವಾಗ, ಎಲ್ಲೂ ಬಿಡಲಿಲ್ಲ. ಬಸ್ಸು ಗುಮಾಸ್ತರ ಕಚೇರಿಯ ಮುಂದಿನ ಸಿಗ್ನಲ್ಲಿನಲ್ಲೇ ನಿಲ್ಲಬೇಕೆ! ಕಾಫಿಗೆ ಹೊರಬಂದಿದ್ದ ಸಹೋದ್ಯೋಗಿಗಳು ಕಿಟಕಿಯತ್ತಲೇ ನೋಡುತ್ತಿದ್ದರು. ಗುಮಾಸ್ತರು ತಟಕ್ಕನೆ ಸೀಟಿನ ಸಂದಿಗೆ ಬಗ್ಗಿದರು.

"ವಾಂತಿ ಬರ್ತಿದೆಯೇನಪ್ಪಾ? ಕವರ್ ಕೊಡ್ರೇ ಯಾರಾದ್ರೂ!" ಎಂದು ಅಜ್ಜಿ ಬಸ್ಸಿಗೆಲ್ಲ ಕೇಳುವಂತೆ ಕೂಗಿ ಬೆನ್ನು ನೀವತೊಡಗಿದರು. ನಾಚಿಕೆಯಿಂದ ಗುಮಾಸ್ತರ ಕಿವಿ ಕಾದುಹೋಯಿತು.

ಮ್ಯೂಸಿಯಂನಲ್ಲಿ ಮಡಕೆಗಳ ಮುಂದೆ ಗೈಡ್ ನಿಂತಳು. "ಇವನ್ನ ನೋಡೋಕೇ ಒಬ್ರು ಅಮ್ಮ ವರ್ಷವರ್ಷ ಬರ್ತಾರೆ. ಇದೇ ಊರವ್ರು, ಆದ್ರೆ ಒಬ್ರೇ ಬರ್ತಾರೆ. ಯಾಕಮ್ಮಾ ಅಂದ್ರೆ, ನಮ್ಮೆಜಮಾನ್ರಿಗೆ ಪುರುಸೊತ್ತಿಲ್ಲ, ದೊಡ್ಡ ಕೆಲಸ ಅಂತಾರೆ."

"ಥೂ, ಅವನೂ ಒಬ್ಬ ಗಂಡನಾ!" ಎಂದರು ಅಜ್ಜಿ.

ಸದ್ಯ, ಎಲ್ಲರ ಗಮನ ಬೇರೊಬ್ಬನ ಮೇಲೆ ಹೋಯಿತಲ್ಲ ಎಂದು ಗುಮಾಸ್ತರಿಗೆ ಹೋದ ಜೀವ ಬಂದಂತಾಯಿತು. ಎಲ್ಲರಿಗಿಂತ ಜೋರಾಗಿ ಗುಡುಗಿದರು. "ಅಂಥವನ್ನ ಕತ್ತೆ ಮೇಲೆ ಕೂರಿಸಿ ಮೆರವಣಿಗೆ ಮಾಡ್ಬೇಕು! ಕೈಗೆ ಸಿಕ್ಲಿ, ಕಪಾಳಕ್ಕೆ ಬಿಡ್ತೀನಿ!"

ಜನ ಚಪ್ಪಾಳೆ ತಟ್ಟಿದರು. "ಸರಿಯಾಗಿ ಹೇಳಿದ್ರಿ ಅಂಕಲ್!" ಎಂದಳು ಗೈಡ್.

ಸಂಜೆ ಮನೆಗೆ ಬಂದವರೇ ಟೋಪಿ ಬಚ್ಚಿಡಲು ಬೀರುವಿನ ಮೇಲಿನ ಖಾನೆಗೆ, ಹಳೇ ಹೊದಿಕೆಗಳ ಹಿಂದೆ ಕೈ ಹಾಕಿದರು. ಏನೋ ಮೆತ್ತಗೆ ಸಿಕ್ಕಿತು. ಎಳೆದರೆ ದೊಪದೊಪನೆ ಉದುರಿದವು ಹಳದಿ ಟೋಪಿಗಳು. ಕೆಲವು ಹೊಸವು, ಕೆಲವು ಬಣ್ಣ ಮಾಸಿ ಬೆಳ್ಳಗಾದವು.

ಗುಮಾಸ್ತರು ತಿರುಗಿ ನೋಡಿದರು. ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಅವಳ ಕಣ್ಣು ಅವರ ಕೈಯ ಟೋಪಿಯ ಮೇಲಿತ್ತು.

"ನೀವು ಕಚೇರಿಗೆ ಹೋದ್ಮೇಲೆ ಹೋಗ್ತಿದ್ದೆ. ನಿಮಗ್ಯಾಕೆ ತೊಂದರೆ ಅಂತ."

ಭೂಮಿ ಬಾಯ್ಬಿಡಬಾರದೇ ಅನ್ನಿಸಿತು ಗುಮಾಸ್ತರಿಗೆ. "ತಪ್ಪಾಯ್ತು ಕಣೇ," ಎಂದರು, ತಲೆ ಎತ್ತದೆ.

"ಹೋಗ್ಲಿ ಬಿಡಿ. ನಿಮ್ಮ ಬಂಡವಾಳ ನಂಗೊತ್ತಿಲ್ವಾ? ಬೀಗರಿಗೆ ನಾಳೆ ಅದೇ ಬಸ್ಸಲ್ಲಿ ಸೀಟು ಹೇಳಿದ್ದೀನಿ. ನೀವೂ ಬರ್ಲೇಬೇಕು," ಎಂದು ಹೆಂಡತಿ ಟೋಪಿಗಳನ್ನು ಆಯ್ದುಕೊಳ್ಳುತ್ತ ನಕ್ಕಳು. "ನಮ್ಮೆಜಮಾನ್ರನ್ನ ಒಂದ್ಸಲ ಕಣ್ಣಾರೆ ನೋಡ್ಬೇಕು ಅಂತ ಆ ಗೈಡ್ ಹುಡುಗಿಗೆ ಬಹಳ ಆಸೆ."